ಭದ್ರಾ ಡ್ಯಾಂ ತುಂಬಿತು, ನಮ್ಮ ಗದ್ದೆಗೆ ನೀರು ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರು ಮಲೇಬೆನ್ನೂರು ಶಾಖಾ ನಾಲೆಯ ಕೊನೆ ಭಾಗದಲ್ಲಿದೆ. ಭದ್ರಾ ನೀರು ಎಲ್ಲರ ಗದ್ದೆ ನೋಡಿಕೊಂಡು ಕಡೆಗೆ ನಮ್ಮ ಹತ್ತಿರ ಬರುತ್ತದೆ, ಬಂದರೆ. ಪ್ರತಿ ವರ್ಷ ಡ್ಯಾಂ ತುಂಬಿದ ದಿನ ಬೆಂಗಳೂರಿನ ನೆಂಟರು ಫೋನ್ ಮಾಡಿ "ಈ ಸಲ ನಿಮಗೆ ಹಬ್ಬ ಬಿಡ್ರಿ" ಅನ್ನುತ್ತಾರೆ. ಡ್ಯಾಂ ತುಂಬೋದು ಬೇರೆ, ನಮ್ಮ ತೂಬಿನಲ್ಲಿ ನೀರು ಬರೋದು ಬೇರೆ ಅಂತ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೀನಿ. ಬೇಕಾದ್ದನ್ನು ಮಾತ್ರ ಓದಿ, ಒಂದಕ್ಕೊಂದು ಅಂಟಿಕೊಂಡಿಲ್ಲ.

## ಮೊದಲು ಇಷ್ಟು

ಭದ್ರಾ ಹುಟ್ಟೋದು ಎಲ್ಲಿ? ಡ್ಯಾಂ ಇರೋದು ಲಕ್ಕವಳ್ಳಿನಾ, ಬಿಆರ್‌ಪಿನಾ?

ಹುಟ್ಟೋದು ಕುದುರೆಮುಖದ ಕಡೆ, ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅದೇ ವರಾಹ ಪರ್ವತದ ಮಕ್ಕಳು. ನೇತ್ರಾವತಿ ಪಡುವಣಕ್ಕೆ ಇಳಿದು ಸಮುದ್ರ ಸೇರುತ್ತದೆ, ಉಳಿದ ಇಬ್ಬರು ಮೂಡಣಕ್ಕೆ ತಿರುಗುತ್ತಾರೆ. ಭದ್ರೆ ಕಳಸ, ಹೊರನಾಡು, ಬಾಳೆಹೊನ್ನೂರು ದಾಟಿ ಕಾಡಿನೊಳಗೆ ಹೋಗಿ ಡ್ಯಾಂ ಹತ್ತಿರ ಬರುತ್ತದೆ. ಆಮೇಲೆ ಭದ್ರಾವತಿ ಊರು, ಆಮೇಲೆ ಕೂಡ್ಲಿಯಲ್ಲಿ ತುಂಗೆಯ ಜೊತೆ ಸೇರಿ ತುಂಗಭದ್ರೆ.

ಡ್ಯಾಂ ಇರೋದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಪಕ್ಕ. ಬಿಆರ್‌ಪಿ ಅಂದ್ರೆ ಭದ್ರಾ ರಿವರ್ ಪ್ರಾಜೆಕ್ಟ್. ಕಟ್ಟುವಾಗ ಕೆಲಸದವರಿಗೆ, ಆಫೀಸಿನವರಿಗೆ ಎದ್ದ ಕಾಲೊನಿ ಆಮೇಲೆ ಊರಾಗಿ ಉಳಿಯಿತು, ಯೋಜನೆಯ ಹೆಸರೇ ಊರಿನ ಹೆಸರೂ ಆಯಿತು. ಬಸ್ ಬೋರ್ಡ್ ಮೇಲೂ ಅದೇ. ಕೆಲಸ ಶುರುವಾದದ್ದು 1947ರ ಹೊತ್ತಿಗೆ, ಮುಗಿದದ್ದು 1960ರ ದಶಕದ ನಡುವೆ.

ಪೇಪರ್‌ನಲ್ಲಿ ಬರೋ 186 ಅಡಿ ಅಂದ್ರೆ ಏನು? 150 ಅಡಿ ನೀರಿದೆ ಅಂದ್ರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಿದೆ ಅಂತ ಅಲ್ವಾ?

ಅಲ್ಲ. ಇದು ಎಲ್ಲರೂ ಮಾಡುವ ತಪ್ಪು, ನಾನೂ ತುಂಬಾ ವರ್ಷ ಮಾಡಿದ್ದೆ.

186 ಅಡಿ ಭದ್ರಾ ಜಲಾಶಯದ ಪೂರ್ಣ ಮಟ್ಟ. ಆ ಮಟ್ಟಕ್ಕೆ ಬಂದಾಗ ಒಳಗಿರುವ ನೀರು 71.5 ಟಿಎಂಸಿ. ಆದರೆ ಜಲಾಶಯ ನೇರ ಗೋಡೆಯ ಟ್ಯಾಂಕ್ ಅಲ್ಲ, ಗುಡ್ಡಗಳ ನಡುವಿನ ಕಣಿವೆ. ಕೆಳಗೆ ಇಕ್ಕಟ್ಟು, ಮೇಲೆ ಹೋದ ಹಾಗೆ ಅಗಲ. ಮನೆಯಲ್ಲಿ ಹೆಂಚು ಸೋರುವಾಗ ಇಡುವ ಅಗಲ ಬಾಯಿಯ ಬೋಗುಣಿ ಇರುತ್ತದಲ್ಲ, ಹಾಗೆ. ತಳದ ಒಂದು ಬೆರಳು ಬೇಗ ತುಂಬುತ್ತದೆ, ಅಂಚಿನ ಹತ್ತಿರದ ಒಂದು ಬೆರಳಿಗೆ ಹೊತ್ತು ಹಿಡಿಯುತ್ತದೆ. ಭದ್ರೆಯಲ್ಲಿ ಮೇಲಿನ ಒಂದೊಂದು ಅಡಿಯಲ್ಲೂ ಒಂದು ಟಿಎಂಸಿಗಿಂತ ಜಾಸ್ತಿ ನೀರು ಕೂತಿರುತ್ತದೆ. ಹಾಗಾಗಿ 150 ಅಡಿ ಅಂದಾಗ ಖುಷಿ ಪಡುವ ಮೊದಲು ಪಕ್ಕದಲ್ಲಿ ಎಷ್ಟು ಟಿಎಂಸಿ ಅಂತ ಬರೆದಿದ್ದಾರೆ ನೋಡಿ. ಅದರಲ್ಲೂ ತಳದ ನೀರು ನಾಲೆಗೆ ಬರೋದಿಲ್ಲ, ನಾಲೆಯ ಬಾಯಿ ಅದಕ್ಕಿಂತ ಮೇಲಿದೆ. ಅದನ್ನು ಡೆಡ್ ಸ್ಟೋರೇಜ್ ಅನ್ನುತ್ತಾರೆ.

ಟಿಎಂಸಿ, ಕ್ಯುಸೆಕ್ ಲೆಕ್ಕ ತಲೆಗೆ ಹತ್ತೋದೇ ಇಲ್ಲ. ಸುಲಭವಾಗಿ ಹೇಳ್ತೀರಾ?

ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಹೆಚ್ಚುಕಮ್ಮಿ 28 ಲೀಟರ್. ಅಂದ್ರೆ ಎರಡು ಕೊಡ. ಒಂದು ಸೆಕೆಂಡಿಗೆ ಎರಡು ಕೊಡ ಸುರಿಯುತ್ತಾ ಇರೋದನ್ನು ಕಣ್ಣ ಮುಂದೆ ತಂದುಕೊಳ್ಳಿ, ಅದೇ ಒಂದು ಕ್ಯುಸೆಕ್. ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ.

ಎರಡನ್ನೂ ಜೋಡಿಸೋಕೆ ಒಂದೇ ಸಂಖ್ಯೆ ನೆನಪಿಟ್ಟರೆ ಸಾಕು. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಸುಮಾರು ಹನ್ನೊಂದೂವರೆ ಸಾವಿರ ಅಂತ ಇಟ್ಟುಕೊಳ್ಳಿ. ಒಳಹರಿವು 20,000 ಕ್ಯುಸೆಕ್ ಅಂತ ಸುದ್ದಿ ಬಂದರೆ ದಿನಕ್ಕೆ ಒಂದು ಮುಕ್ಕಾಲು ಟಿಎಂಸಿ ಒಳಗೆ ಬಂತು, ಮೇಲಿನ ಮಟ್ಟದಲ್ಲಿದ್ದರೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಏರಿತು ಅಂತ ನೀವೇ ಹೇಳಬಹುದು.

ಗಾಜನೂರಿನ ತುಂಗಾ ಡ್ಯಾಂ ಜೂನ್‌ನಲ್ಲೇ ತುಂಬಿ ಹರಿಯುತ್ತೆ. ಭದ್ರಾ ಮಾತ್ರ ಯಾಕಿಷ್ಟು ತಡ?

ಗಾಜನೂರು ಚೊಂಬು, ಭದ್ರಾ ಹಂಡೆ. ಗಾಜನೂರಿನಲ್ಲಿ ಹಿಡಿಯೋದು ಮೂರು ಟಿಎಂಸಿ ಚಿಲ್ಲರೆ ಮಾತ್ರ, ಶೃಂಗೇರಿ ಕಡೆ ನಾಲ್ಕು ದಿನ ಜೋರು ಮಳೆ ಬಿದ್ದರೆ ಮುಗಿಯಿತು. ಭದ್ರೆಗೆ 71 ತುಂಬಬೇಕು. ಹೋದ ಬೇಸಿಗೆಯಲ್ಲಿ ಎಷ್ಟು ಖಾಲಿ ಮಾಡಿದ್ದಾರೆ ಅನ್ನೋದರ ಮೇಲೂ ಇರುತ್ತದೆ. ಹಿಂದೆಲ್ಲ ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಟಿವಿಯಲ್ಲಿ ಬಂದರೆ ನಮ್ಮಲ್ಲಿ ಮಡಿಗೆ ಬೀಜ ಹುಡುಕಲು ಶುರು ಮಾಡುತ್ತಿದ್ದರು. ಅಲ್ಲಿ ಜನಕ್ಕೆ ದಾರಿ ಬಂದ್ ಆದರೆ ಇಲ್ಲಿ ನಮಗೆ ಖುಷಿ, ಏನು ಮಾಡೋದು.

## ಕರೆಂಟಿನ ವಿಷಯ

ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರಲ್ಲವಂತೆ, ಬೆಳೆ ಸರಿ ಬರಲ್ಲವಂತೆ. ನಿಜವಾ?

ನಮ್ಮ ತಾತನ ಕಾಲದಿಂದ ಬಂದ ಮಾತು ಇದು. ಹಾಲಿನಿಂದ ಬೆಣ್ಣೆ ತೆಗೆದ ಹಾಗೆ ನೀರಿನಿಂದ ಕರೆಂಟ್ ತೆಗೆಯುತ್ತಾರೆ, ಉಳಿದದ್ದು ಬರೀ ಮಜ್ಜಿಗೆ ಅಂತ. ಕೇಳಲು ಚೆನ್ನಾಗಿದೆ, ನಿಜ ಅಲ್ಲ. ಮೇಲಿಂದ ಬೀಳುವ ನೀರಿನ ರಭಸ ಟರ್ಬೈನ್ ತಿರುಗಿಸುತ್ತದೆ, ಅಷ್ಟೇ. ನೀರಿನೊಳಗಿಂದ ಏನನ್ನೂ ತೆಗೆಯೋದಿಲ್ಲ. ರಾಗಿ ಬೀಸುವ ಕಲ್ಲನ್ನು ತಿರುಗಿಸಿದ ಕೈಯ ರಕ್ತವೇನು ಕಡಿಮೆ ಆಗುತ್ತದಾ?

ಆದರೆ ಆ ಹಳಬರು ಸುಮ್ನೆ ಹೇಳಿದ್ದಲ್ಲ ಅಂತಲೂ ನನಗೆ ಅನ್ನಿಸುತ್ತದೆ. ಡ್ಯಾಂ ಇಲ್ಲದಾಗ ಮಳೆಗಾಲದ ನದಿ ನೀರು ಕೆಂಪಗೆ, ಗೋಡು ಹೊತ್ತು ಬರುತ್ತಿತ್ತು. ಆ ಗೋಡು ಗದ್ದೆಗೆ ಗೊಬ್ಬರ. ಈಗ ಅದು ಜಲಾಶಯದ ತಳದಲ್ಲೇ ಕೂತು ಬಿಡುತ್ತದೆ, ತಿಳಿ ನೀರು ಮಾತ್ರ ನಾಲೆಗೆ ಬರುತ್ತದೆ. ಬದಲಾದದ್ದು ನಿಜ, ಆದರೆ ಅದಕ್ಕೆ ಕಾರಣ ಕಟ್ಟೆ. ಕರೆಂಟಿನ ಮೆಷಿನ್ ಅಲ್ಲ.

ಶರಾವತಿಯಲ್ಲಿ ಸಾವಿರ ಮೆಗಾವ್ಯಾಟ್ ಮಾಡ್ತಾರೆ, ಭದ್ರೆಯಲ್ಲಿ ಬರೀ 39 ಯಾಕೆ? ನೀರು ಕಡಿಮೆನಾ?

ನೀರಿನ ಕೊರತೆ ಅಲ್ಲ, ಎತ್ತರದ ಕೊರತೆ. ಕರೆಂಟ್ ಎಷ್ಟು ಅನ್ನೋದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ: ಸೆಕೆಂಡಿಗೆ ಎಷ್ಟು ನೀರು, ಎಷ್ಟು ಎತ್ತರದಿಂದ. ಲಿಂಗನಮಕ್ಕಿಯ ನೀರು ಘಟ್ಟದ ಅಂಚಿನಿಂದ 400 ಮೀಟರಿಗೂ ಜಾಸ್ತಿ ಕೆಳಗೆ ಧುಮುಕುತ್ತದೆ. ಅಲ್ಲಿ ಹತ್ತು ಯಂತ್ರ, ಒಂದೊಂದಕ್ಕೆ 103.5 ಮೆಗಾವ್ಯಾಟ್, ಒಟ್ಟು 1,035. ಭದ್ರೆ ಘಟ್ಟ ಇಳಿಯೋದಿಲ್ಲ, ಬಯಲಿಗೆ ನಿಧಾನಕ್ಕೆ ನಡೆದು ಬರುವ ನದಿ. ಇಲ್ಲಿ ಸಿಗೋದು ಕಟ್ಟೆಯ ಎತ್ತರ ಮಾತ್ರ. ಎಡ ಬದಿಯಲ್ಲಿ 26, ಬಲ ಬದಿಯಲ್ಲಿ 13.2, ಒಟ್ಟು 39.2 ಮೆಗಾವ್ಯಾಟ್.

ಲೆಕ್ಕ ಹಾಕಿ ನೋಡಿದರೆ ಮಜಾ ಇದೆ. ಶರಾವತಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ ಸಾವಿರ ಲೀಟರ್ ನೀರು ಸಾಕು, ಅಂದ್ರೆ ಮನೆ ಮೇಲಿನ ಒಂದು ಸಿಂಟೆಕ್ಸ್ ಟ್ಯಾಂಕ್. ಭದ್ರೆಯ ಬಲದಂಡೆಯಲ್ಲಿ 2,650 ಕ್ಯುಸೆಕ್ ಪೂರ್ತಿ ಯಂತ್ರದೊಳಗೆ ಹೋಗಿ 13.2 ಮೆಗಾವ್ಯಾಟೂ ಬಂತು ಅಂತ ಇಟ್ಟುಕೊಂಡರೂ ಒಂದು ಯೂನಿಟ್‌ಗೆ ಇಪ್ಪತ್ತು ಸಾವಿರ ಲೀಟರ್ ಬೇಕು. ಇಪ್ಪತ್ತು ಟ್ಯಾಂಕ್! ಆದರೆ ಶರಾವತಿಯಲ್ಲಿ ಕರೆಂಟ್ ಕೊಟ್ಟ ನೀರು ಹೊನ್ನಾವರದ ಕಡೆ ಹೋಗಿ ಸಮುದ್ರ ಸೇರುತ್ತದೆ. ಭದ್ರೆಯ ಬಲದಂಡೆಯಲ್ಲಿ ಯಂತ್ರ ದಾಟಿದ ನೀರು ನಾಲೆಗೆ ಇಳಿದು ಭತ್ತ ಬೆಳೆಯುತ್ತದೆ. ಒಂದೇ ನೀರಿಗೆ ಎರಡು ಕೆಲಸ. ಹಾಗಾಗಿ 39 ಅಂತ ಹೀಗಳೆಯೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ಕರೆಂಟಿಗೋಸ್ಕರ ನಮ್ಮ ಪಾಲಿನ ನೀರು ಖಾಲಿ ಮಾಡ್ತಾರೆ ಅಂತ ಊರಲ್ಲಿ ಮಾತಾಡ್ತಾರೆ. ಹೌದಾ?

ಬೇಸಿಗೆ ಬಂದಾಗ ಹುಟ್ಟುವ ಅನುಮಾನ ಇದು. ನಾಲೆಗೆ ಸೇರಿದ ಯಂತ್ರಗಳು ನಾಲೆಗೆ ನೀರು ಹರಿದಾಗಲೇ ಓಡೋದು. ನಾಲೆ ಬಂದ್ ಆದರೆ ಅವೂ ಬಂದ್. ನೀರಾವರಿಗೆ ಅಂತ ಕಟ್ಟಿದ ಡ್ಯಾಂ ಇದು, ಕರೆಂಟ್ ಇಲ್ಲಿ ಉಪಕಸುಬು. ಬೇಸಿಗೆಯಲ್ಲಿ ನದಿಗೆ ನೀರು ಬಿಡೋದನ್ನು ಕಂಡು ಜನ ಹಾಗೆ ಅನ್ನುತ್ತಾರೆ. ಅದಕ್ಕೆ ಬೇರೆ ಕಾರಣಗಳಿವೆ, ಕೆಳಗೆ ಹೇಳಿದ್ದೀನಿ.

## ನಾಲೆ, ತೂಬು, ಗದ್ದೆ

ನೀರು ಯಾವಾಗ ಬಿಡಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?

ನೀರಾವರಿ ಸಲಹಾ ಸಮಿತಿ. ಎಲ್ಲರೂ ಕರೆಯೋದು ಐಸಿಸಿ ಅಂತ. ಮಂತ್ರಿಗಳು, ಅಚ್ಚುಕಟ್ಟಿನ ಶಾಸಕರು, ಅಧಿಕಾರಿಗಳು, ರೈತ ಮುಖಂಡರು ಎಲ್ಲ ಕೂರುತ್ತಾರೆ. ಡ್ಯಾಂ, ನಾಲೆ ನೋಡಿಕೊಳ್ಳೋದು ಕರ್ನಾಟಕ ನೀರಾವರಿ ನಿಗಮ. ಅಚ್ಚುಕಟ್ಟು ಅಭಿವೃದ್ಧಿಗೆ ಶಿವಮೊಗ್ಗದ ಮಲವಗೊಪ್ಪದಲ್ಲಿ ಭದ್ರಾ ಕಾಡಾ (ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರ) ಕಚೇರಿ ಇದೆ. ಕರೆಂಟ್ ಭಾಗ ವಿದ್ಯುತ್ ನಿಗಮದ್ದು.

ಸಾಮಾನ್ಯವಾಗಿ ಮುಂಗಾರು ಬೆಳೆಗೆ ಜುಲೈ, ಆಗಸ್ಟ್ ಹೊತ್ತಿಗೆ, ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ತೀರ್ಮಾನ ಆಗುತ್ತದೆ. ಸಭೆಯಲ್ಲಿ ಗಲಾಟೆ ಇದ್ದೇ ಇರುತ್ತದೆ. ಮೇಲಿನ ಭಾಗದವರು ಬೇಗ ಬಿಡಿ ಅಂತಾರೆ, ಕೆಳಗಿನವರು ಮೊದಲು ನಾಲೆ ಹೂಳು ತೆಗೆಸಿ ಅಂತಾರೆ.

ಡ್ಯಾಂನಿಂದ ನೀರು ಬಿಟ್ಟು ಹತ್ತು ದಿನ ಆಯ್ತು, ನಮಗಿನ್ನೂ ಬಂದಿಲ್ಲ. ಎಲ್ಲಿ ಹೋಯ್ತು?

ನನ್ನ ಪ್ರಶ್ನೆಯೂ ಇದೇ. ಸ್ವಲ್ಪ ಉದ್ದ ಹೇಳುತ್ತೇನೆ.

ಬಲದಂಡೆ ನಾಲೆಗೆ ಸಾಮಾನ್ಯವಾಗಿ 2,650 ಕ್ಯುಸೆಕ್, ಎಡದಂಡೆಗೆ 380 ಕ್ಯುಸೆಕ್ ಬಿಡುತ್ತಾರೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎಡದಂಡೆ ಭದ್ರಾವತಿ, ಶಿವಮೊಗ್ಗ ಕಡೆಯದು, ಚಿಕ್ಕದು. ಬಲದಂಡೆ ಚನ್ನಗಿರಿ ದಾಟಿ ದಾವಣಗೆರೆ, ಹರಿಹರದವರೆಗೆ ಬರಬೇಕು. ಮುಖ್ಯ ನಾಲೆಯೇ ನೂರು ಕಿಲೋಮೀಟರಿಗೂ ಉದ್ದ, ಆಮೇಲೆ ಶಾಖಾ ನಾಲೆ, ಉಪನಾಲೆ, ತೂಬು, ಹೊಲಗಾಲುವೆ. ನೀರು ನಡೆಯೋದು ಹೆಚ್ಚುಕಮ್ಮಿ ಮನುಷ್ಯ ನಡೆಯುವ ವೇಗದಲ್ಲಿ. ಒಣಗಿ ಬಿರುಕು ಬಿಟ್ಟ ನಾಲೆಯಾದರೆ ಮೊದಲು ನಾಲೆಯೇ ಕುಡಿಯುತ್ತದೆ. ಸಿಮೆಂಟ್ ಲೈನಿಂಗ್ ಮಾಡಿದ್ದಾರೆ, ಎಷ್ಟೋ ಕಡೆ ಕಿತ್ತು ಹೋಗಿ ಗಿಡ ಬೆಳೆದಿದೆ.

ಇಷ್ಟು ಸಹಜ. ಇನ್ನು ಅಸಹಜಕ್ಕೆ ಬರೋಣ. ನಾಲೆಯ ಎರಡೂ ದಂಡೆ ಮೇಲೆ ಪಂಪ್‌ಸೆಟ್. ಅಚ್ಚುಕಟ್ಟಿನಲ್ಲೇ ಇಲ್ಲದ ಜಮೀನಿಗೆ, ಎತ್ತರದ ತೋಟಕ್ಕೆ ಪೈಪ್ ಹಾಕಿ ಎಳೆಯುತ್ತಾರೆ. ಪ್ರತಿ ಸಲ ಅಧಿಕಾರಿಗಳು ಬಂದು ಪೈಪ್ ಕಿತ್ತು ಹಾಕುತ್ತಾರೆ, ಜೀಪ್ ತಿರುಗಿದ ಮೇಲೆ ಪೈಪ್ ಮತ್ತೆ ಇಳಿಯುತ್ತದೆ. 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಜಾಸ್ತಿ ಮಾಡಿದರು. ಕಾನೂನು ಗಟ್ಟಿಯಾಯಿತು, ರಾತ್ರಿ ಹನ್ನೆರಡಕ್ಕೆ ನಾಲೆ ಮೇಲೆ ಯಾರು ನಿಲ್ಲೋದು ಅನ್ನೋದೇ ಪ್ರಶ್ನೆ.

ನಾಲೆ ಮೇಲೆ ತೂಬು ಎತ್ತಿ ಇಳಿಸೋ ಕೆಲಸ ಸೌಡಿಗಳದ್ದು. ಮಳೆ, ಹಾವು, ಜಗಳ ಎಲ್ಲ ಅವರ ಪಾಲಿಗೆ. ತುಂಬಾ ಜನ ದಿನಗೂಲಿಯವರು. ನಮ್ಮ ಕಡೆ ಸೌಡಿಯೊಬ್ಬರು ಇದ್ದರು, ನಾಲೆ ಬದಿಯ ಹುಲ್ಲು ಎಷ್ಟು ಒದ್ದೆಯಾಗಿದೆ ಅಂತ ನೋಡಿಯೇ ರಾತ್ರಿ ಮೇಲೆ ಎಲ್ಲೋ ನೀರು ಕಟ್ಟಿದ್ದಾರೆ ಅಂತ ಹೇಳುತ್ತಿದ್ದರು.

ಒಂದು ವರ್ಷ ನಡೆದದ್ದು. ನಮ್ಮ ತೂಬಿಗೆ ಸರದಿ ಬಂದ ರಾತ್ರಿ ಅಪ್ಪನೂ ನಾನೂ ಬ್ಯಾಟರಿ, ಸಲಿಕೆ ಹಿಡಿದು ಹೋದೆವು. ನಾಲೆಯಲ್ಲಿ ಮೊಣಕಾಲು ಮಟ್ಟದ ನೀರಿತ್ತು. ತೂಬಿನಲ್ಲಿ ಮಾತ್ರ ಬೆರಳು ದಪ್ಪದ ಧಾರೆ. ಅಪ್ಪ ಕೈ ಇಳಿಸಿ ತಡಕಾಡಿದರು. ಒಳಗೆ ಗೋಣಿಚೀಲ, ಅದರೊಳಗೆ ಕಲ್ಲು, ಮೇಲೆ ಹುಲ್ಲಿನ ಹೆಂಟೆ. ನಮ್ಮ ನೀರು ಇನ್ನೊಬ್ಬರಿಗೆ ಹೋಗಲಿ ಅಂತ ಯಾರೋ ನೀಟಾಗಿ ಕಟ್ಟಿದ್ದರು. ಚೀಲ ಎಳೆದು ಹಾಕಿದಾಗ ನೀರು ಒಂದು ಸಲ ಗೊಟಕ್ ಅಂದು ನುಗ್ಗಿತು, ಜೊತೆಗೆ ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಚಪ್ಪಲಿ. ಯಾರು ಮಾಡಿದ್ದು ಅಂತ ಊರಿಗೆಲ್ಲ ಗೊತ್ತಿತ್ತು. ಮಾರನೇ ದಿನ ಅದೇ ಮನುಷ್ಯನ ಜೊತೆ ಕೂತು ಟೀ ಕುಡಿದೆವು. ಹತ್ತು ವರ್ಷ ಕಳೆದರೂ ಅಪ್ಪ ಆ ಮಾತು ಎತ್ತಿಲ್ಲ.

ಆನ್ ಅಂಡ್ ಆಫ್ ಅಂದ್ರೆ ಏನು? ಅದಕ್ಕೆ ರೈತರು ಯಾಕೆ ಅಷ್ಟು ಸಿಟ್ಟಾಗ್ತಾರೆ?

ಇಷ್ಟು ದಿನ ನಾಲೆಗೆ ನೀರು, ಇಷ್ಟು ದಿನ ಬಂದ್, ಮತ್ತೆ ನೀರು. ನೀರು ಉಳಿಸಲು ಮಾಡುವ ಸರದಿ. ಕಾಗದದ ಮೇಲೆ ಒಳ್ಳೆಯ ಯೋಜನೆ. ಆದರೆ ಆನ್ ಆದ ದಿನದಿಂದ ನೀರು ನಡೆದು ಕೊನೆ ಭಾಗ ಮುಟ್ಟುವ ಹೊತ್ತಿಗೆ ಆಫ್ ದಿನ ಬಾಗಿಲಲ್ಲಿ ನಿಂತಿರುತ್ತದೆ. ಮೇಲಿನವರಿಗೆ ಹದಿನೈದು ದಿನ ಅಂದ್ರೆ ಹದಿನೈದೇ ದಿನ, ನಮಗೆ ಆರೋ ಏಳೋ.

ಭತ್ತ ಹೊಡೆ ಬರುವಾಗ, ಕಾಳು ಕಟ್ಟುವಾಗ ಒಂದು ವಾರ ನೀರು ತಪ್ಪಿದರೆ ಜಳ್ಳು. 2023ರ ಬರದಲ್ಲಿ ಆದದ್ದು ಇದೇ. ನೂರು ದಿನ ಸತತ ನೀರು ಅಂತ ಶುರು ಮಾಡಿದರು, ನಾಟಿ ಮುಗಿದ ಮೇಲೆ ನಡುವೆ ಆನ್-ಆಫ್ ಅಂದರು. ದಾವಣಗೆರೆ ರೈತರು ಬೀದಿಗಿಳಿದರು. ಡ್ಯಾಂನಲ್ಲಿ ನೀರು ಕಡಿಮೆ ಇದ್ದದ್ದು ನಿಜ, ಮುಂದಿನ ಬೇಸಿಗೆಗೆ ಕುಡಿಯೋ ನೀರು, ತೋಟಕ್ಕೆ ನೀರು ಉಳಿಸಬೇಕು ಅನ್ನೋರ ಮಾತಿನಲ್ಲೂ ಅರ್ಥ ಇತ್ತು. ನಾಟಿಗೆ ಮೊದಲೇ ಹೇಳಿದ್ದರೆ ನಾವು ನಾಟಿ ಮಾಡುತ್ತಿರಲಿಲ್ಲ. ಸಿಟ್ಟು ಅದಕ್ಕೆ.

ನೀರಿಲ್ಲ ನೀರಿಲ್ಲ ಅಂತೀರಿ, ಮತ್ತೆ ಭತ್ತನೇ ಯಾಕೆ ಹಾಕ್ತೀರಿ? ಬೇರೆ ಬೆಳೆ ಬೆಳೀಬಾರದಾ?

ಪೇಟೆಯವರು ಕೇಳುವ ಪ್ರಶ್ನೆ, ಕೇಳುವುದರಲ್ಲಿ ತಪ್ಪೇನಿಲ್ಲ. ಸುಮಾರು 1,05,000 ಹೆಕ್ಟೇರ್, ಅಂದ್ರೆ ಎರಡೂವರೆ ಲಕ್ಷ ಎಕರೆ ದಾಟುವ ಅಚ್ಚುಕಟ್ಟು ಇದು. ಯೋಜನೆ ಮಾಡಿದವರು ಎಲ್ಲ ಜಮೀನಿಗೂ ಭತ್ತ ಅಂತ ಬರೆದಿರಲಿಲ್ಲ, ಒಂದು ದೊಡ್ಡ ಭಾಗಕ್ಕೆ ಅರೆ ನೀರಾವರಿ ಬೆಳೆ ಅಂತ ಗುರುತಿಸಿದ್ದರು. ಆದರೆ ಪಕ್ಕದ ಗದ್ದೆಯಲ್ಲಿ ಭತ್ತ ನಿಂತು, ಬದು ದಾಟಿ ನೀರು ಜಿನುಗಿ ನಮ್ಮ ಹೊಲ ಕೆಸರಾದರೆ ಅಲ್ಲಿ ಜೋಳ ಹಾಕೋದು ಹೇಗೆ? ಕೊಯ್ಯಲು ಮೆಷಿನ್ ಇದೆ, ಮಾರಲು ರೈಸ್ ಮಿಲ್ ಇದೆ, ದನಕ್ಕೆ ಹುಲ್ಲು ಸಿಗುತ್ತದೆ. ಅಭ್ಯಾಸ ಅಂತಲೂ ಇದೆ, ಒಪ್ಪಿಕೊಳ್ಳೋಣ.

ಈಗ ಭತ್ತದ ಗದ್ದೆಗಳೆಲ್ಲ ಅಡಿಕೆ ಆಗುತ್ತಿವೆ. ಚನ್ನಗಿರಿ, ಭದ್ರಾವತಿ ಕಡೆ ಶುರುವಾದದ್ದು ನಮ್ಮವರೆಗೂ ಬಂದಿದೆ. ಎಕರೆಗೆ ಲೆಕ್ಕ ಹಾಕಿದರೆ ಅಡಿಕೆಗೆ ನೀರು ಕಡಿಮೆ ಸಾಕು. ಆದರೆ ಭತ್ತವಾದರೆ ಒಂದು ಬೆಳೆ ಬಿಟ್ಟು ಸುಮ್ಮನಿರಬಹುದು, ಅಡಿಕೆಗೆ ಏಪ್ರಿಲ್, ಮೇನಲ್ಲೂ ನೀರು ಬೇಕೇ ಬೇಕು. ಒಂದು ಬೇಸಿಗೆ ಕೈಕೊಟ್ಟರೆ ಏಳೆಂಟು ವರ್ಷದ ಮರ ಹೋಗುತ್ತದೆ. ಹಾಗಾಗಿ ಐಸಿಸಿ ಸಭೆಯಲ್ಲಿ ಈಗ ಭತ್ತದವರದ್ದು ಒಂದು ಬಣ, ತೋಟದವರದ್ದು ಇನ್ನೊಂದು. ನಮ್ಮ ಮನೆಯಲ್ಲೇ ಎರಡು ಬಣ ಇದೆ: ಅಪ್ಪ ಭತ್ತ, ಚಿಕ್ಕಪ್ಪ ಅಡಿಕೆ.

ನಮಗೇ ನೀರಿಲ್ಲ, ಬೇಸಿಗೆಯಲ್ಲಿ ನದಿಗೆ ಯಾಕೆ ಬಿಡ್ತಾರೆ?

ಕುಡಿಯೋಕೆ. ಹಾವೇರಿ, ಗದಗ-ಬೆಟಗೇರಿ ಕಡೆಯವರು ತುಂಗಭದ್ರಾ ನದಿಯಿಂದ ನೀರೆತ್ತುತ್ತಾರೆ. ಮಾರ್ಚ್ ಬಂದರೆ ತುಂಗೆಯ ಕಡೆಯಿಂದ ಹೆಚ್ಚು ನೀರಿರೋದಿಲ್ಲ, ಕೂಡಿಟ್ಟ ನೀರು ಇರೋದು ಭದ್ರೆಯಲ್ಲಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೂ ಬಿಡುತ್ತಾರೆ, ಲಕ್ಷಗಟ್ಟಲೆ ಜನ ಹೊಳೆಯಲ್ಲಿ ಸ್ನಾನ ಮಾಡಬೇಕಲ್ಲ. ಕಾರಣಿಕದಲ್ಲಿ ಗೊರವಪ್ಪ ಈ ಸಲ ಮಳೆ ಬಗ್ಗೆ ಏನು ನುಡಿದ ಅಂತ ನಾವೂ ಕಿವಿಗೊಟ್ಟು ಕೇಳುತ್ತೇವೆ, ಹಾಗಾಗಿ ಆ ನೀರಿನ ಬಗ್ಗೆ ನಮ್ಮ ಕಡೆ ಯಾರೂ ಜಾಸ್ತಿ ತಕರಾರು ಎತ್ತೋದಿಲ್ಲ. ನಾಲೆ ನೀರೂ ಬರೀ ಗದ್ದೆಗಲ್ಲ. ದಾವಣಗೆರೆಯ ಕುಂದವಾಡ ಕೆರೆ ತುಂಬೋದು ಭದ್ರಾ ನಾಲೆಯಿಂದ. ಸೂಳೆಕೆರೆಗೂ ಈ ನಾಲೆಯ ನೀರು ಸೇರುತ್ತದೆ, ಅಲ್ಲಿಂದ ಚಿತ್ರದುರ್ಗಕ್ಕೆ ಕುಡಿಯಲು ಹೋಗುತ್ತದೆ.

## ಇನ್ನೂ ಆಳಕ್ಕೆ ಇಳಿಯೋರಿಗೆ

ಮಳೆ ಜೋರಾದಾಗ ಒಂದೇ ಸಲ ಗೇಟ್ ತೆಗೆದು ಭದ್ರಾವತಿಗೆ ನೀರು ನುಗ್ಗಿಸ್ತಾರೆ. ಮೊದಲೇ ಸ್ವಲ್ಪ ಸ್ವಲ್ಪ ಬಿಡಬಾರದಾ?

ಬಿಡಬಹುದು, ಕೆಲವು ವರ್ಷ ಬಿಡುತ್ತಾರೆ ಕೂಡ. ಕಷ್ಟ ಇರೋದು ಇಲ್ಲಿ: ಪ್ರವಾಹ ತಡೆಯಲು ಡ್ಯಾಂ ಸ್ವಲ್ಪ ಖಾಲಿ ಇರಬೇಕು, ನೀರಾವರಿಗೆ ಪೂರ್ತಿ ತುಂಬಿರಬೇಕು. ಜುಲೈ ಕೊನೆಯಲ್ಲಿ ಐದು ಅಡಿ ಖಾಲಿ ಇಟ್ಟು, ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟರೆ ಆ ಇಂಜಿನಿಯರ್‌ನ ಕಥೆ ಮುಗಿಯಿತು. ಹಾಗಾಗಿ ಯಾರೂ ಆ ಧೈರ್ಯ ಮಾಡೋದಿಲ್ಲ. ಪೂರ್ತಿ ತುಂಬಿದ ಡ್ಯಾಂಗೆ ಕುದುರೆಮುಖ ಕಡೆಯಿಂದ 40,000 ಕ್ಯುಸೆಕ್ ಬಂದರೆ ಬಂದಷ್ಟೂ ಹೊರಗೆ ಬಿಡಲೇಬೇಕು. ಆಗ ಭದ್ರಾವತಿಯಲ್ಲಿ ಸೇತುವೆ ಮೇಲೆ ನೀರು, ಹೊಳೆ ಬದಿಯ ಮನೆಗಳಿಗೆ ನೀರು.

ಗೇಟ್ ಅಂದಾಗ ಒಂದು ಮಾತು. 2024ರ ಆಗಸ್ಟ್‌ನಲ್ಲಿ ಹೊಸಪೇಟೆಯ ತುಂಗಭದ್ರಾ ಡ್ಯಾಂನಲ್ಲಿ 33 ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು, ವಾರದೊಳಗೆ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿ ನಿಲ್ಲಿಸಿದರು. ಅಲ್ಲಿ ಹೋದ ನೀರಿನಲ್ಲಿ ನಮ್ಮ ಭದ್ರೆಯದೂ ಇತ್ತು. ಈ ಡ್ಯಾಂಗಳಿಗೆಲ್ಲ ಅರವತ್ತು, ಎಪ್ಪತ್ತು ವಯಸ್ಸು. ಹೊಸ ಯೋಜನೆಗೆ ದುಡ್ಡು ಸಿಗುವ ಹಾಗೆ ಹಳೇ ಚೈನಿಗೆ ಗ್ರೀಸ್ ಹಚ್ಚಲು ಸಿಗೋದಿಲ್ಲ.

ಡ್ಯಾಂನಲ್ಲಿ ಹೂಳು ತುಂಬಿದೆಯಂತೆ, ತೆಗೆಸಬಾರದಾ?

ಕೆರೆಯ ಹೂಳಿನ ಹಾಗೆ ಇದನ್ನು ಜೆಸಿಬಿ ಇಳಿಸಿ ತೆಗೆಯೋದು ಆಗದ ಮಾತು. ನೂರಕ್ಕೂ ಜಾಸ್ತಿ ಚದರ ಕಿಲೋಮೀಟರ್ ನೀರು, ಸುತ್ತ ಹುಲಿ ಕಾಡು, ತೆಗೆದ ಮಣ್ಣು ಹಾಕೋದೆಲ್ಲಿ? ಹೂಳು ಬರದ ಹಾಗೆ ನೋಡಿಕೊಳ್ಳೋದೇ ದಾರಿ. ಕುದುರೆಮುಖದ ಗಣಿ ವಿರುದ್ಧ ಹೋರಾಟ ಮಾಡಿದವರ ಮುಖ್ಯ ದೂರುಗಳಲ್ಲಿ ಭದ್ರೆಗೆ ಬರುವ ಮಣ್ಣೂ ಒಂದು. ಸುಪ್ರೀಂ ಕೋರ್ಟ್ ತೀರ್ಪಿನಿಂದ 2005ರ ಕೊನೆಗೆ ಗಣಿ ನಿಂತಿತು. ಮೇಲೆ ಕಾಡು ಇರೋದರಿಂದಲೇ ಕೆಳಗೆ ನಾಲೆ ಇದೆ ಅನ್ನೋದು ಬಯಲಿನವರಿಗೆ ಅಷ್ಟಾಗಿ ಹೊಳೆಯೋದಿಲ್ಲ.

ಭದ್ರಾ ಮೇಲ್ದಂಡೆ ಬಂದರೆ ನಮ್ಮ ನೀರು ಚಿತ್ರದುರ್ಗಕ್ಕೆ ಹೋಗುತ್ತಲ್ವಾ?

ಯೋಜನೆಯಲ್ಲಿ ಬರೆದಿರೋದು ಹೀಗೆ: ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರಾ ಜಲಾಶಯಕ್ಕೆ ತರೋದು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರು ಕಡೆ ಕಳಿಸೋದು. ಕಳೆದರೆ ಭದ್ರೆಯ ಸ್ವಂತ ನೀರು 12.5 ಟಿಎಂಸಿ ಹೋಗುತ್ತದೆ. ತುಂಗೆಯ ನೀರು ಮೊದಲು ಬಂದು ಆಮೇಲೆ ಭದ್ರೆಯದು ಹೋದರೆ ತೂಕ ಸರಿ. ಹೋಗೋ ದಾರಿ ಮೊದಲು ರೆಡಿಯಾಗಿ, ಬರೋ ದಾರಿ ಹಿಂದೆ ಬಿದ್ದದ್ದೇ ನಮ್ಮವರ ಹೊಟ್ಟೆಯುರಿ. ಕೇಂದ್ರ 2023ರ ಬಜೆಟ್‌ನಲ್ಲಿ 5,300 ಕೋಟಿ ಘೋಷಿಸಿತು, ಆ ದುಡ್ಡಿನ ಜಗಳ ಆಮೇಲೂ ನಡೆದೇ ಇತ್ತು.

ಇನ್ನೊಂದು ಕಡೆಯೂ ನೋಡಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. 89 ವರ್ಷ! ಮಳೆಯೂ ಚೆನ್ನಾಗಿತ್ತು, ಭದ್ರೆಯಿಂದ ಎತ್ತಿ ಬಿಟ್ಟ ನೀರೂ ಸೇರಿತ್ತು. ಅವತ್ತು ಕೋಡಿ ನೋಡಲು ಬಂದ ಜನರ ವಿಡಿಯೊ ನೋಡಿದೆ, ಮುದುಕರೊಬ್ಬರು ಸುಮ್ಮನೆ ನಿಂತು ಕೈ ಮುಗಿಯುತ್ತಿದ್ದರು. ಅದನ್ನು ನೋಡಿದ ಮೇಲೆ ನಮ್ಮ ನೀರು ಅಂತ ಜೋರಾಗಿ ಹೇಳಲು ನನಗೆ ಬಾಯಿ ಬರೋದಿಲ್ಲ. ಹಾಗಂತ ನಮ್ಮ ತೂಬು ಒಣಗಲಿ ಅಂತಲೂ ಹೇಳಲಾರೆ.

ಹಿನ್ನೀರಿನ ದ್ವೀಪಗಳಲ್ಲಿ ಹಕ್ಕಿ ನೋಡೋಕೆ ಯಾವಾಗ ಬರಬೇಕು?

ನೀರು ಇಳಿದಾಗ. ಜಲಾಶಯ ತಗ್ಗಿ ದಿಬ್ಬಗಳು ಮೇಲೆದ್ದ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಬೇಸಿಗೆಯ ಕಡೆಗೆ ಹೋದರೆ ಒಳ್ಳೆಯದು. ನಮಗೆ ಸಂಕಟ ಕೊಡುವ ತಗ್ಗಿದ ನೀರಿನ ಮಟ್ಟ ಅವಕ್ಕೆ ಹೆರಿಗೆ ಮನೆ.

ಈ ವರ್ಷ ಬೇಸಿಗೆ ಬೆಳೆಗೆ ನೀರು ಸಿಗುತ್ತಾ? ನಾವೇ ಲೆಕ್ಕ ಹಾಕೋದು ಹೇಗೆ?

ಎರಡೂ ನಾಲೆ ಸೇರಿ 3,030 ಕ್ಯುಸೆಕ್. ಟಿಎಂಸಿಗೆ ತಿರುಗಿಸಿದರೆ ದಿನಕ್ಕೆ ಸುಮಾರು 0.26. ಬೇಸಿಗೆ ಭತ್ತಕ್ಕೆ 120 ದಿನ ಬೇಕು ಅಂದುಕೊಳ್ಳಿ, 31 ಟಿಎಂಸಿ ದಾಟಿತು. ಇದಕ್ಕೆ ಕುಡಿಯೋ ನೀರು, ಆವಿಯಾಗೋದು, ತಳದ ಡೆಡ್ ಸ್ಟೋರೇಜ್ ಸೇರಿಸಿ. ಜನವರಿ ಮೊದಲ ವಾರ ಪೇಪರ್‌ನಲ್ಲಿ ಬಂದ ಟಿಎಂಸಿಯಿಂದ ಅದನ್ನೆಲ್ಲ ಕಳೆಯಿರಿ. ಧಾರಾಳವಾಗಿ ಉಳಿದರೆ ಸತತ ನೀರು, ಬಿಗಿಯಾದರೆ ಆನ್-ಆಫ್, ಕಡಿಮೆ ಬಿದ್ದರೆ ತೋಟಕ್ಕೆ ಮಾತ್ರ.

ನಾನು ಈ ಲೆಕ್ಕವನ್ನು ಮೊಬೈಲ್‌ನಲ್ಲಿ ಹಾಕಿ ಅಪ್ಪನಿಗೆ ತೋರಿಸುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡುತ್ತಾರೆ, ಸರಿ ಇದೆ ಅನ್ನುತ್ತಾರೆ. ಆಮೇಲೆ ಬೈಕ್ ಹತ್ತಿ ನಾಲೆ ಕಡೆ ಹೋಗುತ್ತಾರೆ. ತೂಬಿನಲ್ಲಿ ನೀರು ಕಂಡ ದಿನ ಸಂಜೆ ಬೀಜ ನೆನೆ ಹಾಕೋದು, ಅದಕ್ಕೆ ಮೊದಲು ಇಲ್ಲ.